ಕ್ವೇಕರ್ ಮಹಿಳಾ ‘ಮಿನಿಸ್ಟರ್’ ಅಂದರೆ ಯಾರು? ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು

ತುಂಗಾ ತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಬಾಸ್ಟನ್ ಪಕ್ಕದ ವಾಟರ್‌ಟೌನ್‌ನಲ್ಲಿ. ಊರು ಶಿವಮೊಗ್ಗ. ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದಾರೆ.

ಹೋದ ಭಾನುವಾರ ಅವರನ್ನು ಬಾಸ್ಟನ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಸ್ಟೇಟ್ ಹೌಸ್ (ಇಲ್ಲಿನ ವಿಧಾನಸೌಧ) ಮುಂದೆ ಒಬ್ಬ ಹೆಂಗಸಿನ ಕಂಚಿನ ಪ್ರತಿಮೆ ಇದೆ. ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ನೆ ಕೂತಿದ್ದಾಳೆ. ಅಮ್ಮ ಅಲ್ಲೇ ನಿಂತುಬಿಟ್ಟರು. “ಯಾರೇ ಇದು? ಒಡವೆ ಇಲ್ಲ, ಕುದುರೆ ಇಲ್ಲ. ಏನು ಮಾಡಿದಳು ಅಂತ ಇಲ್ಲಿ ಕೂರಿಸಿದ್ದಾರೆ?” ಅಂದರು. ಓದಿ ಹೇಳಿದೆ: ಮೇರಿ ಡೈಯರ್, ಕ್ವೇಕರ್ (ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡ), 1660ರಲ್ಲಿ ಇದೇ ಊರಲ್ಲಿ ಗಲ್ಲಿಗೆ ಹಾಕಿದರು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಮಗಳು ಶಾಲೆಗೆ ಅದೇ ವಿಷಯ ಆರಿಸಿಕೊಂಡಿದ್ದಾಳೆ. ಮೊದಲ ಕಾಲದ ಕ್ವೇಕರ್ ಮಹಿಳಾ ಮಿನಿಸ್ಟರ್‌ಗಳು. ಅಜ್ಜಿಗೆ ‘ಮಿನಿಸ್ಟರ್’ ಅಂದಾಗ ಅಮ್ಮ ಮಂತ್ರಿ ಅಂತ ತಿಳಿದುಕೊಂಡರು. ಅಲ್ಲ ಅಂದೆ. ಪಾದ್ರಿ ಅಂದೆ. ಅದೂ ಸರಿ ಅನ್ನಿಸಲಿಲ್ಲ, ಕ್ವೇಕರರಿಗೆ ಪಾದ್ರಿಗಳೇ ಇಲ್ಲವಂತೆ.

ಎರಡು ಪ್ರಶ್ನೆ. ಒಂದು, ಈ ‘ಮಿನಿಸ್ಟರ್’ಗೆ ಕನ್ನಡದಲ್ಲಿ ಏನನ್ನಬೇಕು? ಎರಡು, ಮೇರಿ ಡೈಯರ್‌ಗಿಂತ ಮುಂಚೆ ಈ ದಾರಿ ತುಳಿದ ಹೆಂಗಸು ಯಾರು? ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ. ಇದನ್ನು ಅಮ್ಮನಿಗೆ ಓದಿ ಹೇಳುತ್ತೇನೆ.

ಹಳೇ ನಕ್ಷೆ

ನಮಸ್ಕಾರ. ಬಾಸ್ಟನ್ ಮಟ್ಟಿಗೆ ಮೊದಲು ಬಂದವರು ಮೇರಿ ಫಿಶರ್ ಮತ್ತು ಆನ್ ಆಸ್ಟಿನ್. ಜುಲೈ 1656. ‘ಸ್ವಾಲೋ’ ಅನ್ನುವ ಹಡಗಿನಲ್ಲಿ ಬಾರ್ಬಡೋಸ್‌ನಿಂದ ಬಂದರು. ಹಡಗು ನಿಂತ ಕೂಡಲೇ ಅವರ ಪೆಟ್ಟಿಗೆಯಲ್ಲಿದ್ದ ನೂರರಷ್ಟು ಪುಸ್ತಕಗಳನ್ನು ಕಿತ್ತುಕೊಂಡು ಸುಟ್ಟರು. ಇಬ್ಬರನ್ನೂ ಜೈಲಿಗೆ ಹಾಕಿದರು. ಮಾಟಗಾತಿಯರ ಗುರುತು ಇದೆಯಾ ಅಂತ ಬಟ್ಟೆ ಬಿಚ್ಚಿಸಿ ಹುಡುಕಿದರು. ಯಾರೂ ಮಾತಾಡಿಸಬಾರದು ಅಂತ ಕಿಟಕಿಗೆ ಹಲಗೆ ಹೊಡೆದರು.

ಇವರು ಉಪವಾಸ ಸಾಯಬಾರದು ಅಂತ ನಿಕೋಲಸ್ ಅಪ್ಸಾಲ್ ಅನ್ನುವ ವಯಸ್ಸಾದ ಒಬ್ಬ ಊರಿನವನು ಜೈಲಿನವನಿಗೆ ವಾರಕ್ಕೆ 5 ಶಿಲಿಂಗ್ ಕೊಟ್ಟು ಊಟ ಕಳಿಸಿದ. ಐದು ವಾರ ಆದ ಮೇಲೆ ಇಬ್ಬರನ್ನೂ ವಾಪಸ್ ಹಡಗು ಹತ್ತಿಸಿದರು.

ಮೇರಿ ಫಿಶರ್ ಮೊದಲು ಯಾರ್ಕ್‌ಶೈರಿನ ಸೆಲ್ಬಿಯಲ್ಲಿ ಮನೆಗೆಲಸಕ್ಕೆ ಇದ್ದವಳು. 1658ರಲ್ಲಿ ಅವಳು ತುರ್ಕಿಯ ಎಡಿರ್ನೆವರೆಗೂ ಹೋಗಿ ಸುಲ್ತಾನ್ ನಾಲ್ಕನೇ ಮೆಹ್ಮೆದ್ ಎದುರು ಮಾತಾಡಿದಳು. ಬಾಸ್ಟನ್ನಿನವರು ಬಾಯಿ ಮುಚ್ಚಿಸಿದವಳ ಮಾತನ್ನು ಸುಲ್ತಾನ ಪೂರ್ತಿ ಕೇಳಿದ, ಜೊತೆಗೆ ಕಾವಲು ಕಳಿಸಲಾ ಅಂತಲೂ ಕೇಳಿದ. ಅವಳು ಬೇಡ ಅಂದಳು. ಕೊನೆಗೆ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ನೆಲೆಸಿ 1698ರಲ್ಲಿ ತೀರಿಕೊಂಡಳು. ಮಗಳ ಪ್ರಾಜೆಕ್ಟ್‌ಗೆ ಇವಳನ್ನೇ ತಗೊಳ್ಳಿ ಅಂತ ನನ್ನ ಸಲಹೆ.

ಬೆಂಚಿನ ತುದಿ

‘ಹಳೇ ನಕ್ಷೆ’ಯವರು ಹೇಳಿದ್ದು ಸರಿ. ಆದರೂ ನಾನು ಇನ್ನೊಬ್ಬಳ ಬಗ್ಗೆ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ. ನಿಮ್ಮ ಅಮ್ಮನಿಗೆ ಎರಡು ಸಲಕ್ಕೆ ಓದಿ ಹೇಳಿದರೂ ಆಯಿತು.

ನಾನು ಮೈಸೂರಿನವಳು. ಇಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ. ನಮ್ಮ ಮನೆಯವರು ಹೋದ ಮೇಲೆ ಒಬ್ಬ ಗೆಳತಿ ನನ್ನನ್ನು ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ನ ಕ್ವೇಕರ್ ಮೀಟಿಂಗಿಗೆ (ಅವರ ಪ್ರಾರ್ಥನಾ ಸಭೆಗೆ) ಕರೆದುಕೊಂಡು ಹೋದಳು. ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಮನೆಯಲ್ಲಿ ದೀಪ ಹಚ್ಚುವುದನ್ನು ಬಿಟ್ಟಿಲ್ಲ. ಬಿಡು ಅಂತ ಅಲ್ಲಿ ಯಾರೂ ಹೇಳಿಲ್ಲ.

ಮೊದಲು ಆ ಪದದ ವಿಷಯ. ಮೀಟಿಂಗಲ್ಲಿ ವೇದಿಕೆ ಇಲ್ಲ, ಹಾಡಿಲ್ಲ, ಮಂತ್ರ ಇಲ್ಲ. ಒಂದು ಗಂಟೆ ಎಲ್ಲರೂ ಮೌನವಾಗಿ ಕೂರುತ್ತಾರೆ. ಯಾರಿಗಾದರೂ ಒಳಗಿಂದ ಮಾತು ಬಂದರೆ, ಅದು ತನ್ನದಲ್ಲ, ಹೇಳಲೇಬೇಕಾದದ್ದು ಅನ್ನಿಸಿದರೆ, ಎದ್ದು ನಿಂತು ಹೇಳಿ ಕೂರುತ್ತಾರೆ. ಮೈಮೇಲೆ ಬರುವುದು ಅಂತೀವಲ್ಲ, ಆ ತರ ಅಲ್ಲ. ಮೆಲ್ಲಗೆ, ಮಾಮೂಲಿ ದನಿಯಲ್ಲಿ. ಒಬ್ಬರ ಮಾತಿನಲ್ಲಿ ಅಂಥ ಸತ್ವ ಇದೆ ಅಂತ ಉಳಿದವರು ಗುರುತಿಸಿದರೆ ಅವರೇ ಮಿನಿಸ್ಟರ್. ದೀಕ್ಷೆ ಇಲ್ಲ, ಸಂಬಳ ಇಲ್ಲ, ಬೇರೆ ಬಟ್ಟೆ ಇಲ್ಲ. ಒಳಬೆಳಕು, ಅಂದರೆ ದೇವರ ಬೆಳಕು, ಎಲ್ಲರಲ್ಲೂ ಇದೆ ಅಂದ ಮೇಲೆ ಗಂಡಸಿಗೆ ಬೇರೆ, ಹೆಂಗಸಿಗೆ ಬೇರೆ ಅನ್ನಲು ಬರುವುದಿಲ್ಲ ಅಲ್ವಾ? ಅಮ್ಮನಿಗೆ “ಮಾತು ಬಂದಾಗ ಎದ್ದು ನಿಲ್ಲುವವಳು” ಅಂತ ಹೇಳಿ. ನಾನು ನನ್ನ ಅಕ್ಕನಿಗೆ ಹಾಗೇ ಹೇಳಿದ್ದು.

ಈಗ ಆಕೆಯ ಕಥೆ. ಹೆಸರು ಎಲಿಜಬೆತ್ ಹೂಟನ್. ಏಕವಚನದಲ್ಲೇ ಬರೆಯುತ್ತೇನೆ, ಅಗೌರವ ಅಂದುಕೊಳ್ಳಬೇಡಿ. ಯಾಕೆ ಅಂತ ಮುಂದೆ ತಿಳಿಯುತ್ತದೆ.

ಹುಟ್ಟಿದ್ದು 1600ರ ಆಸುಪಾಸು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಸ್ಕೆಗ್ಬಿಯಲ್ಲಿ ಸಂಸಾರ. ಗಂಡ ಆಲಿವರ್, ಹೊಲ ಮನೆ, ಮಕ್ಕಳು. 1647ರ ಹೊತ್ತಿಗೆ ಜಾರ್ಜ್ ಫಾಕ್ಸ್ ಅನ್ನುವ ಇಪ್ಪತ್ತಮೂರು ವರ್ಷದ ಹುಡುಗ ಅಲೆಯುತ್ತಾ ಆ ಕಡೆ ಬಂದ. ಮುಂದೆ ಕ್ವೇಕರ್ ಪಂಗಡ ಕಟ್ಟಿದವನು ಇವನೇ, ಆಗ ಕ್ವೇಕರ್ ಅನ್ನುವ ಹೆಸರೇ ಇರಲಿಲ್ಲ. ಅವನ ಮಾತಿಗೆ ಮೊದಲು ಕಿವಿಗೊಟ್ಟವರಲ್ಲಿ ಈಕೆ ಒಬ್ಬಳು. ವಯಸ್ಸಿನಲ್ಲಿ ಅವನ ತಾಯಿಯಷ್ಟು. ಕ್ವೇಕರರಲ್ಲಿ ಎದ್ದು ನಿಂತು ಉಪದೇಶ ಮಾಡಿದ ಮೊದಲ ಹೆಂಗಸು ಈಕೆಯೇ. ಗಂಡನಿಗೆ ಮೊದಲು ಇದು ಸರಿಬರಲಿಲ್ಲ. ಆಮೇಲೆ ಅವನೂ ಜೊತೆಗೆ ಬಂದ.

ಹೆಂಗಸು ಮಾತಾಡಬಹುದು ಅಂತ ಮಾರ್ಗರೆಟ್ ಫೆಲ್ ಅನ್ನುವ ಕ್ವೇಕರ್ ಹೆಂಗಸು ವಾದ ಮಾಡಿ ಪುಸ್ತಕ ಬರೆದದ್ದು 1666ರಲ್ಲಿ. ಅಷ್ಟು ಹೊತ್ತಿಗೆ ಹೂಟನ್ ಹದಿನೈದು ವರ್ಷಕ್ಕಿಂತ ಜಾಸ್ತಿ ಮಾತಾಡಿ, ಅದಕ್ಕೆ ಬೆಲೆ ಕೊಟ್ಟೂ ಆಗಿತ್ತು. 1651ರಲ್ಲಿ ಡರ್ಬಿ ಜೈಲು. 1652ರಲ್ಲಿ ಯಾರ್ಕ್ ಕೋಟೆಯ ಜೈಲು. ಆಮೇಲೆ ಲಿಂಕನ್. ತಪ್ಪು ಏನೆಂದರೆ ಪಾದ್ರಿಗೆ ಎದುರು ಮಾತಾಡಿದ್ದು. ಜೈಲಿನಲ್ಲಿ ಕೂತು ಜೈಲಿನ ಬಗ್ಗೆಯೇ ಅಧಿಕಾರಿಗಳಿಗೆ ಪತ್ರ ಬರೆದಳು. ಗಂಡಸರು ಹೆಂಗಸರನ್ನು ಒಟ್ಟಿಗೆ ಹಾಕುತ್ತಾರೆ, ಜೈಲಿನವಳು ಕೈದಿಗಳಿಂದ ದುಡ್ಡು ಕೀಳುತ್ತಾಳೆ, ಕುಡಿತ ಜಾಸ್ತಿ, ಕೆಲಸ ಕೊಡುವುದಿಲ್ಲ ಅಂತ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಇದ್ದವಳು ನಾನು. ತಾನು ನರಳುವಾಗಲೂ ಪಕ್ಕದ ಹಾಸಿಗೆಯವರ ಕಷ್ಟ ಹೇಳುವವರನ್ನು ನೋಡಿದ್ದೇನೆ. ಅಂಥವರು ಕಡಿಮೆ.

1657ರಲ್ಲಿ ಗಂಡ ಹೋದ. 1661ರಲ್ಲಿ, ಅರವತ್ತು ದಾಟಿದ ಮೇಲೆ, ಜೋನ್ ಬ್ರಾಕ್ಸಾಪ್ ಅನ್ನುವ ಗೆಳತಿಯ ಜೊತೆ ಬಾಸ್ಟನ್‌ಗೆ ಹೊರಟಳು. ಅದು ಎಂಥ ಸಮಯ ಗೊತ್ತಾ? ಮ್ಯಾಸಚೂಸೆಟ್ಸ್‌ನಲ್ಲಿ ಆಗಷ್ಟೇ ನಾಲ್ಕು ಕ್ವೇಕರರನ್ನು ಗಲ್ಲಿಗೇರಿಸಿದ್ದರು. 1659ರಲ್ಲಿ ಇಬ್ಬರು, 1660ರ ಜೂನ್ 1ರಂದು ನೀವು ನೋಡಿದ ಮೇರಿ ಡೈಯರ್, 1661ರ ಮಾರ್ಚ್‌ನಲ್ಲಿ ವಿಲಿಯಂ ಲೆಡ್ರಾ. ಕ್ವೇಕರನ್ನು ಕರೆತಂದ ಹಡಗಿನ ಯಜಮಾನನಿಗೆ 100 ಪೌಂಡ್ ದಂಡ. ಹಾಗಾಗಿ ಯಾರೂ ಹತ್ತಿಸಿಕೊಳ್ಳಲಿಲ್ಲ. ಇಬ್ಬರೂ ವರ್ಜೀನಿಯಾದಲ್ಲಿ ಇಳಿದು, ಸುತ್ತು ಹಾಕಿಕೊಂಡು ಬಾಸ್ಟನ್ ಸೇರಿದರು.

ಗವರ್ನರ್ ಎಂಡಿಕಾಟ್ ಮಾಟಗಾತಿ ಅಂತ ಬೈದ. ಜೈಲು. ಆಮೇಲೆ ಎರಡು ದಿನದ ದಾರಿ ಕಾಡಿಗೆ ಒಯ್ದು, ತೋಳ ಕರಡಿಗಳಿರುವ ಕಡೆ ಬಿಟ್ಟು ಬಂದರು. ಹೇಗೋ ರೋಡ್ ಐಲ್ಯಾಂಡ್ ತಲುಪಿದರು. ಅಲ್ಲಿಂದ ಬಾರ್ಬಡೋಸ್, ಮತ್ತೆ ಬಾಸ್ಟನ್, ಮತ್ತೆ ಹೊರಗೆ. ಕೊನೆಗೆ ಇಂಗ್ಲೆಂಡ್.

ನನಗೆ ಬಹಳ ಹಿಡಿಸಿದ್ದು ಇದರ ನಂತರದ ಭಾಗ. ಊರಿಗೆ ಹೋದವಳು ಸುಮ್ನೆ ಕೂರಲಿಲ್ಲ. ಲಂಡನ್‌ಗೆ ಹೋಗಿ ರಾಜ ಎರಡನೇ ಚಾರ್ಲ್ಸ್‌ನ ಹಿಂದೆ ಬಿದ್ದಳು. ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಅವನು ನಡೆಯುತ್ತಿದ್ದರೆ ಪಕ್ಕದಲ್ಲೇ ನಡೆದಳು. ಟೆನಿಸ್ ಆಡಿ ಮುಗಿಸಿ ಗಾಡಿ ಹತ್ತುವಾಗ ಎದುರು ನಿಂತಳು. ಮಂಡಿಯೂರಲಿಲ್ಲ. ಸುತ್ತಲಿನವರು ಗೊಣಗಿದರು. ನಡೆಯುತ್ತಲೇ ಮಾತಾಡಿದಳು.

ಏಕವಚನದ ವಿಷಯ ಇಲ್ಲಿ ಬರುತ್ತದೆ. ಆಗಿನ ಇಂಗ್ಲಿಷಿನಲ್ಲಿ ನಮ್ಮ ‘ನೀನು’, ‘ನೀವು’ ಇದ್ದ ಹಾಗೆ ಎರಡು ಇದ್ದವು. ಕ್ವೇಕರರು ಎಲ್ಲರಿಗೂ ‘ನೀನು’ ಅನ್ನುತ್ತಿದ್ದರು. ಆಳಿಗೂ ನೀನು, ಜಡ್ಜಿಗೂ ನೀನು, ರಾಜನಿಗೂ ನೀನು. ದೇವರಿಗೇ ‘ನೀನು’ ಅಂತೀವಿ, ಈತನಿಗೆ ಯಾಕೆ ‘ನೀವು’ ಅಂತ. ಈಗಿನ ಇಂಗ್ಲಿಷಿನವರಿಗೆ ಇದರ ಬಿಸಿ ತಟ್ಟುವುದಿಲ್ಲ, ಅವರಲ್ಲಿ ಒಂದೇ ಪದ ಉಳಿದಿದೆ. ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ರಾಜನಿಂದ ಆಕೆ ಕಾಗದ ಪಡೆದಳು, ತನ್ನ ಯಾವ ವಸಾಹತಿನಲ್ಲಿ ಬೇಕಾದರೂ ಈಕೆ ಜಾಗ ಕೊಳ್ಳಬಹುದು ಅಂತ. ಯಾಕೆ ಬೇಕಿತ್ತು ಆ ಕಾಗದ? ಬಾಸ್ಟನ್‌ನಲ್ಲಿ ಒಂದು ಮನೆ ಕೊಳ್ಳಲು. ತಾನು ಇರಲು, ಫ್ರೆಂಡ್ಸ್ (ಕ್ವೇಕರರು ತಮ್ಮನ್ನು ಕರೆದುಕೊಳ್ಳುವುದು ಹೀಗೆ) ಸೇರಲು ಮನೆ. ಸತ್ತವರನ್ನು ಮಣ್ಣು ಮಾಡಲು ಒಂದು ತುಂಡು ನೆಲ. ಇಷ್ಟೇ. ಗಲ್ಲು, ಚಾಟಿ ಎಲ್ಲ ನೋಡಿ ಬಂದವಳು ಸೇಡು ಕೇಳಲಿಲ್ಲ. ನಿಮ್ಮ ಊರಲ್ಲೇ ಮನೆ ಮಾಡಿಕೊಂಡು ಇರುತ್ತೇನೆ ಅಂದಳು.

ಮಗಳನ್ನು ಜೊತೆಗೆ ಕರೆದುಕೊಂಡು ಮತ್ತೆ ಬಂದಳು. ಮಗಳ ಹೆಸರೂ ಎಲಿಜಬೆತ್. ರಾಜನ ಕಾಗದ ತೋರಿಸಿದಳು. ಕೊಡಲಿಲ್ಲ. ಮತ್ತೆ ಕೇಳಿದಳು. ಕೊಡಲಿಲ್ಲ.

ಅಲ್ಲಿಂದ ಕೇಂಬ್ರಿಡ್ಜ್‌ಗೆ ಬಂದಾಗ ಹಿಡಿದು ನಾರುವ ಕತ್ತಲೆಕೋಣೆಗೆ ಹಾಕಿದರು. ಕೂರಲು ಏನೂ ಇಲ್ಲ. ಎರಡು ಹಗಲು, ಎರಡು ರಾತ್ರಿ, ಅನ್ನ ನೀರು ಇಲ್ಲ. ಬೆನಾನ್ಯುಯೆಲ್ ಬವರ್ಸ್ ಅನ್ನುವವನು ಸ್ವಲ್ಪ ಹಾಲು ತಂದುಕೊಟ್ಟ. ಆ ಹಾಲಿಗೆ ಅವನಿಗೆ 5 ಪೌಂಡ್ ದಂಡ ಹಾಕಿದರು.

ಆಮೇಲೆ ಚಾಟಿ. 1661ರಲ್ಲಿ ಮಾಡಿದ ಕಾಯಿದೆ ಪ್ರಕಾರ ಅಲೆಮಾರಿ ಕ್ವೇಕರರನ್ನು ಸೊಂಟದವರೆಗೆ ಬಟ್ಟೆ ತೆಗೆಸಿ, ಗಾಡಿಯ ಹಿಂದೆ ಕಟ್ಟಿ, ಊರಿಂದ ಊರಿಗೆ ಹೊಡೆಯುತ್ತಾ ಗಡಿ ದಾಟಿಸಬೇಕು. ಕೇಂಬ್ರಿಡ್ಜ್‌ನಲ್ಲಿ 10 ಏಟು, ಮೂರು ಎಳೆಯ, ಗಂಟು ಹಾಕಿದ ಚಾಟಿಯಲ್ಲಿ. ವಾಟರ್‌ಟೌನ್‌ನಲ್ಲಿ 10, ಬೆತ್ತದಂಥ ಹಸಿ ಕಡ್ಡಿಗಳಲ್ಲಿ. ಡೆಡಮ್‌ನಲ್ಲಿ 10, ಗಾಡಿಯ ಹಿಂದೆ. ಅಲ್ಲಿಂದ ಕುದುರೆ ಮೇಲೆ ಹಾಕಿ, ಸಂಜೆ ಹೊತ್ತಿಗೆ ಕಾಡಿನಲ್ಲಿ ಬಿಟ್ಟರು.

ನೀವು ವಾಟರ್‌ಟೌನ್ ಅಂದಿರಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಹಾರ್ವರ್ಡ್ ಸ್ಕ್ವೇರ್‌ನಿಂದ ನಿಮ್ಮೂರಿಗೆ 71 ನಂಬರ್ ಬಸ್ ಹೋಗುತ್ತದಲ್ಲ. ಹೋದ ವರ್ಷ ಅಕ್ಟೋಬರ್‌ನಲ್ಲಿ ನಾನು ಆ ಬಸ್ ಹತ್ತದೆ ಮೌಂಟ್ ಆಬರ್ನ್ ಸ್ಟ್ರೀಟ್ ಉದ್ದಕ್ಕೂ ನಡೆದೆ. ಅದೇ ದಾರಿಯಲ್ಲಿ ಅವಳನ್ನು ಎಳೆದರು ಅಂತಲ್ಲ. ಅಷ್ಟು ದೂರ ಅಂದರೆ ಎಷ್ಟು ಅಂತ ಕಾಲಿಗೆ ತಿಳಿಯಲಿ ಅಂತ. ಒಳ್ಳೆ ಶೂ, ಸ್ವೆಟರ್, ಬ್ಯಾಗಲ್ಲಿ ನೀರು, ಎರಡು ಚಪಾತಿ. ಒಂದೂವರೆ ಗಂಟೆಯ ಮೇಲಾಯಿತು. ನನಗೂ ಆಗ ಅರವತ್ತಮೂರು. ವಾಟರ್‌ಟೌನ್ ಸ್ಕ್ವೇರ್‌ನಲ್ಲಿ ಕೂತಾಗ ಮಂಡಿ ನಡುಗುತ್ತಿತ್ತು. ಡೆಡಮ್ ಅಲ್ಲಿಂದ ಇನ್ನೂ ಎರಡು ಪಟ್ಟಿಗಿಂತ ಜಾಸ್ತಿ ದೂರ. ಹೋಗಲಿಲ್ಲ. ಬಸ್ ಹತ್ತಿ ವಾಪಸ್ ಬಂದೆ.

ಆಕೆ ಮಾತ್ರ ಮತ್ತೆ ಬಂದಳು, ಬಿಟ್ಟುಹೋದ ಬಟ್ಟೆಬರೆ ತೆಗೆದುಕೊಳ್ಳಲು. ಮತ್ತೆ ಹೊಡೆದರು, ಮಗಳನ್ನೂ ಸೇರಿಸಿ.

ಸಂಜೆ ರೈಲು

ಓದಿ ಗಂಟಲು ಕಟ್ಟಿತು ಅಕ್ಕ. ಒಂದು ಅರ್ಥ ಆಗುತ್ತಿಲ್ಲ. ಆಗ ಬಾಸ್ಟನ್ ಆಳುತ್ತಿದ್ದ ಈ ಪ್ಯೂರಿಟನ್ನರೂ (ಕಟ್ಟುನಿಟ್ಟಿನ ಇನ್ನೊಂದು ಕ್ರೈಸ್ತ ಪಂಗಡದವರು) ಇಂಗ್ಲೆಂಡಿನಲ್ಲಿ ಹಿಂಸೆ ಅನುಭವಿಸಿ ಓಡಿ ಬಂದವರೇ ಅಲ್ವಾ? ಇನ್ನೊಬ್ಬರಿಗೆ ಅದನ್ನೇ ಹೇಗೆ ಮಾಡಿದರು?

ಇನ್ನೊಂದು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಬಾರ್ಬಡೋಸ್ ಅಂದಿರಿ. ಅಲ್ಲಿ ಆಗ ಗುಲಾಮರ ದುಡಿಮೆಯಿಂದಲೇ ಸಕ್ಕರೆ ಬರುತ್ತಿದ್ದದ್ದು. ಎಲ್ಲರಲ್ಲೂ ಒಳಬೆಳಕು ಅನ್ನುವವರು ಅದಕ್ಕೆ ಏನಂದರು?

ಬೆಂಚಿನ ತುದಿ

ಬೇಜಾರು ಯಾಕೆ, ಕೇಳಬೇಕಾದ ಪ್ರಶ್ನೆಯೇ.

ಮೊದಲನೆಯದಕ್ಕೆ. ಅವರು ಬಂದದ್ದು ಎಲ್ಲರಿಗೂ ಬಿಡುವು ಕೊಡಲು ಅಲ್ಲ, ತಮ್ಮ ನಂಬಿಕೆಯ ಪ್ರಕಾರ ಒಂದು ನಾಡು ಕಟ್ಟಲು. ಅಲ್ಲಿ ಪಾದ್ರಿ, ನ್ಯಾಯಾಧೀಶ, ಮನೆಯ ಯಜಮಾನ, ಎಲ್ಲ ಒಂದೇ ಸರಪಳಿ. ದೇವರು ಈಗಲೂ, ಒಬ್ಬ ರೈತನ ಹೆಂಡತಿಯ ಜೊತೆಗೂ ನೇರವಾಗಿ ಮಾತಾಡುತ್ತಾನೆ ಅಂದರೆ ಆ ಸರಪಳಿಗೆ ಕೆಲಸವೇ ಉಳಿಯುವುದಿಲ್ಲ. ಅದಕ್ಕೇ ಅಷ್ಟು ಹೆದರಿಕೆ. ಪಕ್ಕದ ರೋಡ್ ಐಲ್ಯಾಂಡ್‌ನವರೂ ಇಂಗ್ಲೆಂಡಿನಿಂದಲೇ ಬಂದವರು. 1657ರಲ್ಲಿ ಕ್ವೇಕರರನ್ನು ಓಡಿಸಿ ಅಂತ ಮ್ಯಾಸಚೂಸೆಟ್ಸ್ ಕಡೆಯವರು ಕೇಳಿದಾಗ, ಮಾತಾಡಿದ್ದಕ್ಕೆ ಶಿಕ್ಷೆ ಕೊಡುವ ಕಾಯಿದೆ ನಮ್ಮಲ್ಲಿಲ್ಲ ಅಂತ ಉತ್ತರ ಬರೆದರು. ಅಂದರೆ ಆ ಕಾಲದಲ್ಲೂ ಬೇರೆ ತರ ಇರಲು ಆಗುತ್ತಿತ್ತು.

ಎರಡನೆಯದು ನನಗೆ ನೋವಿನ ವಿಷಯ. ಆಗಿನ ಕ್ವೇಕರರು ಗುಲಾಮಗಿರಿ ಬೇಡ ಅನ್ನಲಿಲ್ಲ. ಬಾರ್ಬಡೋಸ್‌ನ ಕ್ವೇಕರರಲ್ಲೇ ಗುಲಾಮರನ್ನು ಇಟ್ಟುಕೊಂಡವರು ಇದ್ದರು. 1671ರಲ್ಲಿ ಫಾಕ್ಸ್ ಅಲ್ಲಿಗೆ ಹೋದಾಗ ಅವರನ್ನು ಚೆನ್ನಾಗಿ ನೋಡಿಕೊಳ್ಳಿ, ಅವರಿಗೂ ದೇವರ ಮಾತು ಹೇಳಿ ಅಂದ. ನಾವು ಗುಲಾಮರಿಗೆ ದಂಗೆ ಕಲಿಸುವವರಲ್ಲ ಅಂತ ಅಲ್ಲಿನ ಗವರ್ನರ್‌ಗೆ ಬರೆದುಕೊಟ್ಟದ್ದೂ ಇದೆ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ಕು ಜನ ಇದು ತಪ್ಪು ಅಂತ ಕಾಗದ ಬರೆದದ್ದು 1688ರಲ್ಲಿ. ಆ ಕಾಗದವನ್ನು ದೊಡ್ಡ ಮೀಟಿಂಗುಗಳು ಪಕ್ಕಕ್ಕಿಟ್ಟವು. ಗುಲಾಮರನ್ನು ಇಟ್ಟುಕೊಂಡವನು ಸದಸ್ಯನಾಗಿ ಇರುವಂತಿಲ್ಲ ಅಂತ ಫಿಲಡೆಲ್ಫಿಯಾದವರು ತೀರ್ಮಾನಿಸಿದ್ದು 1776ರಲ್ಲಿ. ಹೂಟನ್ ಮೊದಲು ಎದ್ದು ನಿಂತು ನೂರಾಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆದ ಮೇಲೆ. ಮಗಳ ಪ್ರಾಜೆಕ್ಟ್‌ನಲ್ಲಿ ಇದನ್ನೂ ಬರೆಯಲಿ. ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ.

ತುಂಗಾ ತೀರ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಓದಿ ಹೇಳಿದೆ. ಮಗಳೂ ಪಕ್ಕದಲ್ಲಿ ಕೂತು ಕೇಳಿದಳು. ರಾಜನಿಗೆ ‘ನೀನು’ ಅಂದಳು ಅನ್ನುವಾಗ ಅಮ್ಮ “ನೀನು ಅಂದಳಾ!” ಅಂತ ಎದ್ದು ಕೂತರು. ಮಗಳಿಗೆ ಅದು ಯಾಕೆ ದೊಡ್ಡದು ಅಂತ ಅಜ್ಜಿಯೇ ಹೇಳಿಕೊಟ್ಟರು. ತಮ್ಮ ಅಪ್ಪನ ಮನೆಯಲ್ಲಿ ಯಾರು ಯಾರಿಗೆ ಏನನ್ನಬೇಕಿತ್ತು ಅಂತ ಶುರು ಮಾಡಿ, ಹತ್ತೂವರೆವರೆಗೆ ಅದೇ ಮಾತು.

ಹಾಲು ಕೊಟ್ಟವನಿಗೆ ದಂಡ ಹಾಕಿದ್ದು ಅಮ್ಮನಿಗೆ ಚಾಟಿಗಿಂತ ಜಾಸ್ತಿ ಕಷ್ಟ ಆಯಿತು. “ಮುದುಕಿಗೆ ಒಂದು ಲೋಟ ಹಾಲು ಕೊಡಬಾರದಾ?” ಅಂತ ಬೆಳಿಗ್ಗೆಯೂ ಹೇಳುತ್ತಿದ್ದರು. ನಾನು ದಿನಾ 71ರಲ್ಲೇ ಕೆಲಸಕ್ಕೆ ಹೋಗುವುದು. ಇವತ್ತು ಕಿಟಕಿ ಪಕ್ಕ ಕೂತು ಆ ರಸ್ತೆ ಬೇರೆ ತರ ಕಂಡಿತು.

‘ಹಳೇ ನಕ್ಷೆ’ ಸರ್, ಮಗಳು ಫಿಶರ್ ಬಗ್ಗೆಯೂ ಒಂದು ಪುಟ ಬರೆಯುತ್ತಾಳಂತೆ.

ಅಮ್ಮ ಕೇಳಿದ ಪ್ರಶ್ನೆ ಒಂದು ಉಳಿದಿದೆ. “ಆ ಮನೆ ಕೊನೆಗೂ ಸಿಕ್ಕಿತಾ ಕೇಳು” ಅಂದರು.

ಬೆಂಚಿನ ತುದಿ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಆಕೆಗೆ ಸಿಗಲಿಲ್ಲ.

ಇಂಗ್ಲೆಂಡಿಗೆ ವಾಪಸ್ ಹೋದಳು. ಅಲ್ಲೂ ಮತ್ತೆ ಜೈಲು ನೋಡಿದಳು. 1671ರ ಆಗಸ್ಟ್‌ನಲ್ಲಿ ಫಾಕ್ಸ್ ಹನ್ನೆರಡು ಜನರ ಜೊತೆ ವೆಸ್ಟ್ ಇಂಡೀಸ್‌ಗೆ ಹೊರಟಾಗ ಈಕೆಯೂ ಹೊರಟಳು. ವಯಸ್ಸು ಎಪ್ಪತ್ತು. ‘ಇಂಡಸ್ಟ್ರಿ’ ಅನ್ನುವ ಚಿಕ್ಕ ಹಡಗು, ದಾರಿಯುದ್ದಕ್ಕೂ ಸೋರುತ್ತಿತ್ತು. ಹಗಲೂ ರಾತ್ರಿ ನೀರು ಹೊರಹಾಕುತ್ತಾ ಹೋದರು. ಬಾರ್ಬಡೋಸ್ ಮುಗಿಸಿ 1672ರ ಜನವರಿಯಲ್ಲಿ ಜಮೈಕಾ ಸೇರಿದರು. ಅಲ್ಲಿ ಸುಮಾರು ಒಂದು ವಾರಕ್ಕೆ ತೀರಿಕೊಂಡಳು. ಹಿಂದಿನ ದಿನ ಚೆನ್ನಾಗೇ ಇದ್ದಳು, ಕುರಿಮರಿಯ ಹಾಗೆ ಶಾಂತವಾಗಿ ಹೋದಳು ಅಂತ ಫಾಕ್ಸ್ ಬರೆದಿಟ್ಟಿದ್ದಾನೆ. ನರ್ಸ್ ಆಗಿ ಎಷ್ಟೋ ಸಾವು ನೋಡಿದ್ದೇನೆ. ಆ ಸಾಲು ಓದಿದಾಗ ನನಗೆ ಸಮಾಧಾನ ಆಯಿತು.

ಮನೆ ಬಂದದ್ದು ಆಮೇಲೆ. ಬಾಸ್ಟನ್‌ನ ಕ್ವೇಕರರು 1694ರಲ್ಲಿ ಬ್ರಾಟಲ್ ಸ್ಟ್ರೀಟ್ ಹತ್ತಿರ ಇಟ್ಟಿಗೆಯ ಮೀಟಿಂಗ್ ಹೌಸ್ ಕಟ್ಟಿಕೊಂಡರು. ಮುಂದೆ ಈಗಿನ ಕಾಂಗ್ರೆಸ್ ಸ್ಟ್ರೀಟ್‌ನಲ್ಲಿ ಇನ್ನೊಂದು. ಅದರ ಪಕ್ಕದಲ್ಲೇ ಮಣ್ಣು ಮಾಡಲು ಜಾಗವೂ ಇತ್ತು. ಈಗ ಹೋದರೆ ಅಲ್ಲಿ ಬರೀ ಬ್ಯಾಂಕು, ಆಫೀಸು ಕಟ್ಟಡಗಳು. ಸ್ಟೇಟ್ ಹೌಸ್‌ನಿಂದ ಇಳಿದು ಹೋದರೆ ಹದಿನೈದು ನಿಮಿಷ, ಅಮ್ಮ ನಿಧಾನಕ್ಕೆ ನಡೆದರೆ ಇಪ್ಪತ್ತು. ಶನಿವಾರ ಬರುವುದಾದರೆ ಹೇಳಿ, ನಾನೂ ಬರುತ್ತೇನೆ.